ಥ್ರೀ ಫೇಸ್ ಥೇಟರು

ಧರೆಪ್ಪ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದೆ ಅವನ ಸುಳ್ಳುಗಳನ್ನೆಲ್ಲ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅವನಿಗಿದ್ದ ರೋಗ ಬೇರೆ. ಕೇಳಿದ್ದಕ್ಕೆ ಇಲ್ಲ ಎನ್ನಲು ಅವನಿಗೆ ಬಾರದು. ವಸ್ತಿಯಲ್ಲಿ ಯಾರಾದರೂ ಬಂದು ಹಗ್ಗ ಇದೆಯೇ ಎಂದರೆ ಇದೆ ಎಂದು ಹೇಳಿ, ಅವರನ್ನು ಚಹಾಕ್ಕೆ ಕೂರಿಸಿ, ಹಿಂದಿನ ಬಾಗಿಲಿನಿಂದ ಬೈಕು ಹತ್ತಿ ಅಥಣಿಗೆ ಹೋಗಿ ಹಗ್ಗ ಕೊಂಡು ತಂದು ಕೊಡುವ ಪೈಕಿ.

ಅಥಣಿಯಿಂದ ಸತ್ತಿ ಊರಿಗೆ ಹೋಗುವ ಹಾದಿಯಲ್ಲಿ ಅವನ ತೋಟ. ಅರ್ಧ ಕಬ್ಬು, ಅರ್ಧ ದ್ರಾಕ್ಷಿ, ನಡುವೆ ಮನೆ. ಸುತ್ತಮುತ್ತ ಹೀಗೇ ತೋಟದಲ್ಲಿ ಮನೆ ಕಟ್ಟಿಕೊಂಡವರ ವಸ್ತಿ. ಮನೆಯಲ್ಲಿ ತಾಯಿ ಅಕ್ಕವ್ವ, ಹೆಂಡತಿ ದ್ರೌಪದಿ, ಮಗಳು ದೀಪಾಲಿ. ದೀಪಾಲಿಗೆ ನಿಪ್ಪಾಣಿಯ ಸಂಬಂಧ ಬಂದಿತ್ತು. ಹುಡುಗ ಸಂಗ್ರಾಮ ಸಹಕಾರಿ ಬ್ಯಾಂಕಿನಲ್ಲಿ ನೌಕರ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಉಳಿದದ್ದು ಹಿರಿಯರು ಒಬ್ಬರ ಮನೆಯನ್ನು ಒಬ್ಬರು ನೋಡುವ ಶಾಸ್ತ್ರ. ಮೊದಲು ಇವರು ನಿಪ್ಪಾಣಿಗೆ ಹೋದರು.

ಹುಡುಗನ ತಂದೆ ಜಕ್ಕಪ್ಪ ತಂಬಾಕಿನ ವ್ಯಾಪಾರಿ. ಮನೆ ತೋರಿಸುತ್ತ ತೋರಿಸುತ್ತ ಮಹಡಿಯ ಮೇಲಿನ ಒಂದು ಖೋಲಿಗೆ ಕರೆದುಕೊಂಡು ಹೋದ. ಗೋಡೆಯ ತುಂಬ ಪರದೆ, ಮೂಲೆಗೊಂದು ಸ್ಪೀಕರು, ಪರದೆಯ ಕೆಳಗೊಂದು, ಮೆತ್ತನೆಯ ಕುರ್ಚಿ. ಕುರ್ಚಿಯಲ್ಲೇ ಎಲ್ಲರ ಕೈಗೂ ಶಿರಾದ ಪ್ಲೇಟು ಬಂತು. ಜಕ್ಕಪ್ಪ ರಿಮೋಟು ಒತ್ತಿದ. ಪರದೆಯ ಮೇಲೆ ಮಳೆ ಶುರುವಾಯಿತು, ಅದರ ಸದ್ದು ಮಾತ್ರ ನಾಲ್ಕೂ ದಿಕ್ಕಿನಿಂದ ಬಂತು. ಅಕ್ಕವ್ವ ಶಿರಾ ನೆನೆಯಬಾರದೆಂದು ಪ್ಲೇಟಿನ ಮೇಲೆ ಸೆರಗು ಮುಚ್ಚಿದಳು.

"ಇದಕ್ಕ ಹೋಮ್ ಥೇಟರ್ ಅಂತಾರ್ರೀ ಬೀಗ್ರ," ಎಂದ ಜಕ್ಕಪ್ಪ. "ಐದ ಸ್ಪೀಕರ್ ಅದಾವ. ನಿಮ್ಮಲ್ಲಿ ಐತೇನ್ರಿ?"

ಧರೆಪ್ಪನ ಬಾಯಿ ತುಂಬ ಶಿರಾ. ಇಲ್ಲವೆಂದರೆ ಯಾಕಿಲ್ಲ ಎಂದು ವಿವರಿಸಬೇಕು. ಹೌದಾದರೆ ಗೋಣು ಆಡಿಸಿದರೆ ಮುಗಿಯಿತು. ಅವನು ಗೋಣು ಆಡಿಸಿದ.

"ಐದರದ್ದ?"

"ಏಳರದ್ರಿ," ಎಂದ ಧರೆಪ್ಪ ಶಿರಾ ನುಂಗಿ.

ಏಳೇ ಯಾಕೆ ಎಂದು ಆಮೇಲೆ ಎಷ್ಟೋ ಮಂದಿ ಅವನನ್ನು ಕೇಳಿದರು. ಐದು ಎಂದಿದ್ದರೆ ಬೀಗರನ್ನು ಅಣಕಿಸಿದಂತಾಗುತ್ತಿತ್ತು, ನಾಲ್ಕು ಎಂದಿದ್ದರೆ ಮಗಳ ಮಾನ ಹೋಗುತ್ತಿತ್ತು, ಆರು ಎಂದಿದ್ದರೆ ಚೌಕಾಸಿ ಮಾಡಿದಂತೆ ಕೇಳುತ್ತಿತ್ತು ಎಂಬುದು ಅವನ ಸಮಜಾಯಿಷಿ. ಅಂಥ ಹೊತ್ತಿನಲ್ಲಿ ಇಷ್ಟೆಲ್ಲ ಯೋಚಿಸಿದ ಮನುಷ್ಯ ಇಲ್ಲ ಎಂಬ ಒಂದು ಶಬ್ದ ಯಾಕೆ ಯೋಚಿಸಲಿಲ್ಲವೋ ದೇವರಿಗೇ ಗೊತ್ತು.

"ಏಳ!" ಜಕ್ಕಪ್ಪನಿಗೆ ಖುಷಿಯೋ ಖುಷಿ. "ಶೇವಂತಾ, ಕೇಳಿದೇನ? ಈ ಐತವಾರ ಬಿಟ್ಟ ಮುಂದಿನ ಐತವಾರ ನಾವು ಅವರ ಮನೀಗೆ ಹೋಗ್ತೀವಲ್ಲ, ಊಟ ಮಾಡಿ ಅಲ್ಲೇ ಒಂದ ಪಿಕ್ಚರ್ ನೋಡಿ ಬರೂಣು."

ಹಿಂದಿರುಗುವಾಗ ಚಿಕ್ಕೋಡಿ ದಾಟುವ ತನಕ ದ್ರೌಪದಿ ಬಾಯಿ ಬಿಡಲಿಲ್ಲ. ದಾಟಿದ ಮೇಲೆ ಮುಚ್ಚಲಿಲ್ಲ.

"ನಮ್ಮ ಮನ್ಯಾಗ ಇರೂದು ಒಂದ ಟಿವಿ. ಅದರ ದನಿ ಏರಸ್ಬೇಕಂದ್ರ ಎದ್ದ ಹೋಗಿ ಬೆನ್ನಿಗೆ ಬಡೀಬೇಕು. ಏಳ ಎಲ್ಲಿಂದ ಬಂದೂರಿ?"

"ಬರ್ತಾವ ಬಿಡ."

ಮನೆಗೆ ಬಂದು ಸುದ್ದಿ ಹೇಳಿದಾಗ ದೀಪಾಲಿಯ ಮುಖ ಬಿಳಿಚಿಕೊಂಡಿತು. "ಅಪ್ಪಾ, ಅವರಿಗೆ ಸುಳ್ಳಂದ್ರ ಆಗೂದಿಲ್ಲ. ಹಿಂದ ಒಂದ ಸಂಬಂಧ ಗಟ್ಟಿ ಆಗಿತ್ತಂತ. ಹುಡುಗಿ ಅಪ್ಪ ತನ್ನ ಅಣ್ಣನ ಟ್ರ್ಯಾಕ್ಟರ್ ತೋರ್ಸಿ ನಂದ ಅಂದಾನ. ಅಷ್ಟಕ್ಕ ಎದ್ದ ಬಂದಾರ. ಇಂಥಾದ್ರಾಗ ಸುಳ್ಳ ಹೇಳಾವ ಎಲ್ಲಾದ್ರಾಗೂ ಹೇಳ್ತಾನ ಅಂದ್ರಂತ."

"ನಿನಗ ಯಾರ ಹೇಳಿದ್ರು?" ಎಂದ ಧರೆಪ್ಪ.

"ಹಂಗ... ಗೊತ್ತಾತು," ಎಂದು ದೀಪಾಲಿ ಮೊಬೈಲನ್ನು ಸೆರಗಿನಡಿ ಸರಿಸಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಧರೆಪ್ಪ ಅದನ್ನು ಕಂಡ. ಈ ಹುಡುಗಿಯ ಲಗ್ನ ತನ್ನ ನಾಲಿಗೆಯಿಂದ ಮುರಿಯಬಾರದು. ಅಂದದ್ದು ಸುಳ್ಳಾಗಬಾರದೆಂದರೆ ಒಂದೇ ದಾರಿ, ಅದನ್ನು ಖರೆ ಮಾಡಿಬಿಡುವುದು. ಹಗ್ಗದ ಪದ್ಧತಿ.

ಮರುದಿನವೇ ಅಥಣಿ ಪೇಟೆಯಲ್ಲಿ ವೃಷಭನ ಅಂಗಡಿ. ಟಿವಿ, ಫ್ರಿಜ್ಜು, ಸ್ಪೀಕರು ಮಾರುವ ವೃಷಭ ನಯವಾದ ಮನುಷ್ಯ, ಗಿರಾಕಿಯ ಖೋಲಿ ಎಷ್ಟುದ್ದ ಎಷ್ಟಗಲ ಎಂದು ಮೊದಲು ಕೇಳುವವನು.

"ಕಾಕಾ, ನಿಮ್ಮ ಖೋಲಿಗೆ ಐದ ಭಾಳ ಆತು. ಹಗರಾದೂ ತೊಗೊಳ್ರಿ, ಕರೆಂಟ್ ಕಡಿಮಿ ತಿಂತಾವ."

"ಏಳ ಬೇಕು."

"ಏಳ ಯಾಕ್ರಿ?"

"ಅಂದಬಿಟ್ಟೀನಿ."

ಅಂಗಡಿಯವನಿಗೆ ಇಷ್ಟು ಕಾರಣ ಸಾಕು. ವೃಷಭ ಸಾಲಾಗಿ ಸ್ಪೀಕರು ಜೋಡಿಸಿದ. ಒಂದೊಂದನ್ನೇ ಹಚ್ಚಿ ಕೇಳಿಸತೊಡಗಿದ. ಧರೆಪ್ಪ ಕೇಳಲಿಲ್ಲ. ಅವನು ಒಂದೊಂದನ್ನೇ ಎತ್ತಿ ನೋಡತೊಡಗಿದ. ಅವನು ಆಯುಷ್ಯದಲ್ಲಿ ಆರಿಸಿ ಕೊಂಡ ಯಂತ್ರವೆಂದರೆ ಬಾವಿಯ ಮೋಟರು. ಈ ಸೀಮೆಯಲ್ಲಿ ಮೋಟರನ್ನು ಎತ್ತಿ ನೋಡಿಯೇ ಕೊಳ್ಳುತ್ತಾರೆ. ಭಾರವಿದ್ದರೆ ಒಳಗೆ ತಾಮ್ರ ಹೆಚ್ಚು, ತಾಮ್ರ ಹೆಚ್ಚಿದ್ದರೆ ಬಾಳಿಕೆ ಹೆಚ್ಚು. ಸ್ಪೀಕರಿಗೆ ಈ ನ್ಯಾಯ ಸಲ್ಲದೆಂದು ಅವನಿಗೆ ಯಾರು ಹೇಳಬೇಕು? ವೃಷಭ ಹೇಳಿದ, ಅವನು ಕೇಳಲಿಲ್ಲ.

"ಇದ ಎಷ್ಟ ಎಚ್‌ಪಿ?" ಎಂದ.

"ಇದಕ್ಕ ಎಚ್‌ಪಿ ಇಲ್ರಿ ಕಾಕಾ. ವ್ಯಾಟ್ ಅಂತಾರ."

"ಎಷ್ಟ ವ್ಯಾಟ್ ಕೂಡಿದ್ರ ಐದ ಎಚ್‌ಪಿ ಆಗ್ತೈತಿ, ಅಷ್ಟ ಕೊಡು. ನಮ್ಮ ಬಾವೀದು ಐದ ಎಚ್‌ಪಿ ಐತಿ, ಒಂದ ದಿನ ತ್ರಾಸ ಕೊಟ್ಟಿಲ್ಲ."

ವೃಷಭ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿ ಕೈಮುಗಿದ. "ಅಷ್ಟ ಹಚ್ಚಿದ್ರ ನಿಮ್ಮ ಖೋಲಿ ಮ್ಯಾಲಿನ ತಗಡಿನ ಪತ್ರಾ ಹಾರಿ ಸತ್ತಿಗೆ ಹೋಗಿ ಬೀಳ್ತೈತ್ರಿ."

ಕೊನೆಗೆ ಅಂಗಡಿಯಲ್ಲಿ ಎಲ್ಲಕ್ಕಿಂತ ಭಾರವಾದ ಏಳು ಸ್ಪೀಕರು, ಒಂದು ವೂಫರು, ಗೋಡೆಯಗಲದ ಒಂದು ಟಿವಿ ಪರದೆ ಆಯ್ಕೆಯಾದವು. ಭಾರದ ಸ್ಪೀಕರಿಗೆ ಭಾರದ ಆಂಪ್ಲಿಫೈಯರ್ ಬೇಕು, ಅದಕ್ಕೆ ಪೂರ್ತಿ ಕರೆಂಟು ಬೇಕು ಎಂದು ವೃಷಭ ಮತ್ತೆ ಮತ್ತೆ ಹೇಳಿದ. "ತೋಟದ ಮನ್ಯಾಗ ವೋಲ್ಟೇಜ್ ಛಲೋ ಐತೇನ್ರಿ?"

"ಭರಪೂರ ಐತಿ," ಎಂದ ಧರೆಪ್ಪ. ಇಲ್ಲ ಎನ್ನಲು ಬಾರದು, ಏನು ಮಾಡುತ್ತೀರಿ.

ಥೇಟರಿಗೆಂದು ಗೊತ್ತು ಮಾಡಿದ್ದು ಒಣದ್ರಾಕ್ಷಿ ತುಂಬಿಡುವ ಖೋಲಿ. ಸುಗ್ಗಿಗೆ ಇನ್ನೂ ಒಂದು ತಿಂಗಳಿತ್ತು, ಖೋಲಿಯಲ್ಲಿ ಖಾಲಿ ಕ್ರೇಟುಗಳು ಮತ್ತು ಗಂಧಕದ ವಾಸನೆ ಮಾತ್ರ ಇದ್ದವು. ವೃಷಭ ತಾನೇ ಬಂದು ಸ್ಪೀಕರು ಕೂರಿಸಿದ. ಮುಂದೆ ಮೂರು, ಮಗ್ಗುಲಿಗೆ ಎರಡು, ಬೆನ್ನ ಹಿಂದೆ ಎರಡು. ಅಕ್ಕವ್ವ ತಕರಾರು ತೆಗೆದಳು.

"ಬೆನ್ನ ಹಿಂದ ನಿಂತ ಮಾತಾಡೋರ್ನ ನಾ ಮನ್ಯಾಗ ಇಟ್ಟಕೊಳ್ಳೂದಿಲ್ಲ."

"ಅಜ್ಜೀ, ಹಿಂದ ಇದ್ರನ ಮಜಾ."

"ನಿಮ್ಮ ಮನ್ಯಾಗ ಇಟ್ಟಕೊ ಆ ಮಜಾ."

ಅಂತೂ ಅವಳನ್ನು ಒಪ್ಪಿಸಿ ಕುರ್ಚಿಯಲ್ಲಿ ಕೂರಿಸಿ ವೃಷಭ ಪೆನ್‌ಡ್ರೈವು ಹಚ್ಚಿದ. ರಾಜ ರಾಣಿಯರ ಯುದ್ಧದ ಸಿನಿಮಾ. ಮೊದಲು ಗುಡುಗು, ಆಮೇಲೆ ಕುದುರೆ ದಂಡು, ಆಮೇಲೆ ಬೆನ್ನ ಹಿಂದಿನಿಂದ ಒಬ್ಬ ಮುದುಕನ ದನಿ, "ಒಳಗೆ ಬರಬಹುದೇ?" ಅಕ್ಕವ್ವ ತಿರುಗಿ, "ಬರ್ರಿ ಬರ್ರಿ, ಕುಂಡರ್ರಿ, ಚಾ ಇಡ್ತೀನಿ," ಎಂದು ಎದ್ದೇಬಿಟ್ಟಳು. ಅಷ್ಟರಲ್ಲಿ ವೂಫರು ಒಮ್ಮೆ ದಡಮ್ಮೆಂದಿತು. ಆಂಪ್ಲಿಫೈಯರ್ ಟಕ್ಕೆಂದು ಸತ್ತಿತು.

ವೃಷಭ ತಲೆಯೆತ್ತಿ ಫ್ಯಾನು ನೋಡಿದ. ಅದು ತಿರುಗುತ್ತಿದ್ದ ಬಗೆ ಹೇಗಿತ್ತೆಂದರೆ ಅದರ ರೆಕ್ಕೆಗಳನ್ನು ಎಣಿಸಬಹುದಿತ್ತು. "ಭರಪೂರ ಅಂದಿದ್ರಿ," ಎಂದಷ್ಟೇ ಹೇಳಿ ಹೋದ. ಸ್ಟೆಬಿಲೈಸರ್ ತಂದು ಹಚ್ಚಿದ್ದಾಯಿತು, ಅದೂ ಕೈ ಎತ್ತಿತು. ಜನರೇಟರ್ ತರೋಣವೆಂದರೆ ಅದರ ಗದ್ದಲದಲ್ಲಿ ಏಳಲ್ಲ, ಎಪ್ಪತ್ತು ಸ್ಪೀಕರಿದ್ದರೂ ಕೇಳದು.

ಆಗ ಬಂದವನು ಮಲ್ಲೇಶ. ಧರೆಪ್ಪನ ಚಿಕ್ಕಪ್ಪನ ಮಗ, ಸುಟ್ಟ ಮೋಟರುಗಳಿಗೆ ತಂತಿ ಸುತ್ತಿ ಬದುಕುವವನು, ಯಾವ ಕೆಲಸಕ್ಕೂ ಹೆದರದವನು. ಹೆದರಬೇಕಿತ್ತು.

"ಅಣ್ಣಾ, ಮನಿ ಕರೆಂಟಿನ ಮ್ಯಾಲ ಯಾಕ ಜೀವಾ ಇಟ್ಟೀ? ಬಾವಿ ಶೆಡ್ಡಿನಿಂದ ಒಂದ ಎಳಿ ಎಳದ ಬಿಡೂಣು. ಥ್ರೀ ಫೇಸ್ ಬಂದಾಗ ಅದರಾಗ ಗಚ್ಚ್ ಕರೆಂಟ್ ಇರತೈತಿ."

ತೋಟದ ಸೀಮೆಯಲ್ಲಿ ಕರೆಂಟು ಎರಡು ನಮೂನೆ. ದಿನವೆಲ್ಲ ಬರುವುದು ಸಿಂಗಲ್ ಫೇಸು, ದೀಪಕ್ಕೆ ಸಾಲದು, ಕತ್ತಲಿಗೆ ಹೆಚ್ಚು. ಮೋಟರು ತಿರುಗಬೇಕಾದರೆ ಥ್ರೀ ಫೇಸು ಬೇಕು. ಅದು ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ, ಅದೂ ಕೆಲವೇ ತಾಸು, ಬರುವ ಹೊತ್ತು ಬ್ರಹ್ಮನಿಗೂ ತಿಳಿಯದು. ಬಂದದ್ದು ತಿಳಿಯಲೆಂದು ಮನೆಗೊಬ್ಬರು ಬಾವಿಯ ಶೆಡ್ಡಿನಲ್ಲಿ ಕಾದು ಕೂರುತ್ತಾರೆ. ಬಂತೆಂದರೆ ಊಟದ ತಟ್ಟೆ ಬಿಟ್ಟು ಓಡುತ್ತಾರೆ.

ಮಲ್ಲೇಶ ಎಳೆ ಎಳೆದ. ಥ್ರೀ ಫೇಸು ಇಲ್ಲದಾಗ ಆ ತಂತಿ ಸತ್ತಿರುತ್ತದೆ, ಬಂದೊಡನೆ ಎದ್ದು ಕೂರುತ್ತದೆ. ಈ ಕೆಲಸ ಮುಗಿಸಿ ಇಬ್ಬರೂ ಚಹಾ ಕುಡಿಯಲು ಹೋದರು. ಥೇಟರಿನ ಬಟನ್ನು ಆಫ್ ಮಾಡಲು ಇಬ್ಬರೂ ಮರೆತರು.

ಮಧ್ಯಾಹ್ನ ಥ್ರೀ ಫೇಸು ಬಂತು. ಖೋಲಿಯಲ್ಲಿ ಯಾರೂ ಇರಲಿಲ್ಲ. ಗುಡುಗು ಗುಡುಗಿತು, ಕುದುರೆ ದಂಡು ಹೊರಟಿತು, ಪತ್ರಾ ನಡುಗಿತು. ದ್ರಾಕ್ಷಿ ಪಡದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಬುಟ್ಟಿ ಎಸೆದು ಓಡಿದರು. ಪಕ್ಕದ ತೋಟದ ಜನಾಬಾಯಿ ಓಡಲಿಲ್ಲ. ಅವಳು ತಲೆಯೆತ್ತಿ ಆಕಾಶ ನೋಡಿದಳು, ಮೋಡವಿಲ್ಲ. ಶೆಡ್ಡಿನ ಬಲ್ಬು ನೋಡಿದಳು, ಉರಿಯುತ್ತಿದೆ. ಎರಡನ್ನೂ ಕೂಡಿಸಿ, ಇದು ಕರೆಂಟು ಬಂದ ಸೈರನ್ನೆಂದು ತಿಳಿದು ಕೂಗಿದಳು: "ಥ್ರೀ ಫೇಸ್ ಬಂತಲೇ! ಧರೆಪ್ಪ ಭೋಂಗಾ ಹಚ್ಯಾನ!"

ವಸ್ತಿಯ ಎಲ್ಲ ಮೋಟರುಗಳೂ ಒಂದೇ ಏಟಿಗೆ ಚಾಲೂ ಆದವು. ಅಷ್ಟೂ ಮೋಟರು ಒಮ್ಮೆಲೇ ಎಳೆದಾಗ ವೋಲ್ಟೇಜು ಕುಸಿಯಿತು. ಆಂಪ್ಲಿಫೈಯರ್ ಟಕ್ಕೆಂದಿತು.

ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಕರೆಂಟು ಬಂದರೆ ಥೇಟರು ಗುಡುಗುತ್ತದೆ, ಗುಡುಗು ಕೇಳಿ ಮಂದಿ ಮೋಟರು ಹಚ್ಚುತ್ತಾರೆ, ಮೋಟರು ಹಚ್ಚಿದ್ದಕ್ಕೆ ಥೇಟರು ಸಾಯುತ್ತದೆ. ದಿನಾ ಮೊದಲಿನಿಂದ ಶುರುವಾಗುವ ಸಿನಿಮಾದಲ್ಲಿ ಎಳೆಯ ರಾಜಕುಮಾರನನ್ನು ಸೆರೆಮನೆಗೆ ನೂಕಿ ಬಾಗಿಲು ಹಾಕುವ ತನಕ ಮಾತ್ರ ಕಥೆ ನಡೆಯುತ್ತಿತ್ತು. ಮುಂದೆ ಏನಾಯಿತೆಂದು ಧರೆಪ್ಪನಿಗೂ ಗೊತ್ತಿಲ್ಲ. ದನಿ ಪೂರ್ತಿ ಇಳಿಸಿಟ್ಟು ಸದ್ದಿಲ್ಲದೆ ನೋಡೋಣವೆಂದು ಒಂದು ದಿನ ಪ್ರಯತ್ನಿಸಿದ. ವಸ್ತಿಯೇ ಬಾಗಿಲಿಗೆ ಬಂತು.

"ಇವತ್ತ ಯಾಕ ಹಚ್ಚಲಿಲ್ಲೋ? ನಿನ್ನ ನಂಬಿ ಶೆಡ್ಡಿನ್ಯಾಗ ಯಾರೂ ಕುಂತಿಲ್ಲ. ಒಂದ ತಾಸ ನೀರ ಹೋತು!"

"ಇನ್ನೊಂದೀಟ ಜೋರ ಹಚ್ಚಪಾ," ಎಂದಳು ಜನಾಬಾಯಿ. "ನಮ್ಮ ಕಬ್ಬಿನ ಆ ತುದೀಗೆ ಕೇಳ್ಸೂದಿಲ್ಲ."

"ಹೂಂ ಕಾಕೂ," ಎಂದ ಧರೆಪ್ಪ. ಮತ್ತೇನೆಂದಾನು?

ಹೀಗೆ ಹೋಮ್ ಥೇಟರು ಸಾರ್ವಜನಿಕ ಸೇವೆಗೆ ಸೇರಿತು. ಆದರೆ ಎಲ್ಲ ಮೋಟರುಗಳೂ ದಿನಾ ಒಂದೇ ಗಳಿಗೆಯಲ್ಲಿ ಚಾಲೂ ಆದರೆ ಟ್ರಾನ್ಸ್‌ಫಾರ್ಮರಿಗೆ ತಡೆದೀತೆ? ಮೂರು ಸಲ ಫ್ಯೂಜು ಹಾರಿತು. ಕರೆಂಟ್ ಆಫೀಸಿನ ಸಾಹೇಬರು ಜೀಪಿನಲ್ಲಿ ಬಂದರು. ಬೂಟು, ಕರಿ ಕನ್ನಡಕ, ಮುಖದಲ್ಲಿ ಸಿಟ್ಟು.

"ಇಲ್ಲಿ ಯಾರೋ ಸೈರನ್ ಹಾಕ್ಯಾರಂತ. ಯಾರ ಪರವಾನಗಿ ಕೊಟ್ಟಾರ್ರೀ?"

ಬಾವಿಯ ಕರೆಂಟು ಬೇಸಾಯಕ್ಕೆಂದು ಕೊಟ್ಟದ್ದು. ಅದರಲ್ಲಿ ಸಿನಿಮಾ ನಡೆಸುತ್ತಿದ್ದೇನೆಂದರೆ ತಂತಿ ಕಿತ್ತುಕೊಂಡು ಹೋಗುತ್ತಾರೆ, ಐತವಾರ ಬೀಗರ ಮುಂದೆ ಮೂಕ ಸ್ಪೀಕರು ಕೂರಿಸಬೇಕಾಗುತ್ತದೆ.

"ಸೈರನ್ ಅಲ್ರೀ ಸಾಹೇಬ್ರ. ಅದು... ಹಕ್ಕಿ ಓಡ್ಸೂ ಯಂತ್ರ. ದ್ರಾಕ್ಷಿಗೆ ಭಾಳ ಹಕ್ಕಿ ಬರಾಕತ್ತಾವ."

"ಹಕ್ಕಿ ಓಡ್ಸಾಕ ಕುದುರಿ ದನಿ ಯಾಕ್ರಿ?"

"ಗುಡಗಿಗೆ ಹೆದರೂದ ಬಿಟ್ಟಾವ್ರಿ."

ಸಾಹೇಬರು ಕನ್ನಡಕ ಮೇಲೇರಿಸಿ ದ್ರಾಕ್ಷಿ ಪಡದ ಕಡೆ ನೋಡಿದರು. ಬೇಸಾಯದ ಯಂತ್ರವಾದರೆ ಅವರ ತಕರಾರಿರಲಿಲ್ಲ. "ಸಾವಕಾಶ ಒಬ್ಬೊಬ್ಬರಾಗಿ ಮೋಟರ್ ಹಚ್ಚಂತ ಮಂದಿಗೆ ಹೇಳ್ರಿ," ಎಂದು ಹೋದರು. ಒಂದು ಸುಳ್ಳಿಗೆ ಜೊತೆಯಾಗಿ ಇನ್ನೊಂದು ಸುಳ್ಳು ವಸ್ತಿಯಲ್ಲಿ ಮನೆ ಮಾಡಿತು.

ಶನಿವಾರ ಸಂಜೆ ಧರೆಪ್ಪ ಮನೆಮನೆಗೆ ಹೊರಟ. ಐತವಾರ ಹಗಲು ಪಾಳಿ. ಊಟ ಮುಗಿಯುವ ಹೊತ್ತಿಗೆ ಕರೆಂಟು ಬಂದೀತು. ಆಗ ಯಾರೂ ಮೋಟರು ಹಚ್ಚದಿದ್ದರೆ ಮಾತ್ರ ಸಿನಿಮಾ ನಿಲ್ಲದೆ ನಡೆದೀತು. ಈ ಮಾತನ್ನು ಜಗತ್ತಿನ ಯಾವ ರೈತನ ಮುಂದೆಯೂ ಆಡುವಂತಿಲ್ಲ. ಧರೆಪ್ಪ ಆಡಿದ.

"ಏನಂದಿ?" ಜನಾಬಾಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಹಗಲ ಪಾಳಿ ಥ್ರೀ ಫೇಸ್ ಇದ್ದಾಗ ಮೋಟರ್ ಬಂದ್ ಇಡಬೇಕಾ? ತಲಿ ನೆಟ್ಟಗ ಐತೇನೋ ಧರ್ಯಾ? ನಮ್ಮ ಮನಿಯಾವ ತೀರಿಕೊಂಡ ದಿನಾನೂ ನಾ ಮೋಟರ್ ಬಂದ್ ಮಾಡಿಲ್ಲ, ಕಬ್ಬಿಗೆ ನೀರ ಹಾಯಿಸಿ ಬಂದ ಅತ್ತೀನಿ."

"ಸಾಹೇಬ್ರು ಹೇಳ್ಯಾರ ಕಾಕೂ, ಟ್ರಾನ್ಸ್‌ಫಾರ್ಮರ್—"

"ಸಾಹೇಬ ಸಾವಕಾಶ ಹಚ್ಚ ಅಂದಾನ, ಹಚ್ಚಬ್ಯಾಡ ಅಂದಿಲ್ಲ. ನಾ ಇಲ್ಲೇ ಬೇಲಿ ಹಿಂದ ನಿಂತ ಕೇಳೀನಿ. ಖರೆ ಹೇಳ, ಏನ ನಡಸೀದಿ?"

ಧರೆಪ್ಪ ಬಾಯಿ ತೆರೆದ. ಹೇಳಲು ಇನ್ನೊಂದು ಸುಳ್ಳು ಸಿಗಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು ನಿಪ್ಪಾಣಿಯ ಶಿರಾದಿಂದ ಹಿಡಿದು ಎಲ್ಲ ಹೇಳಿದ. "ನನ್ನ ಮಾನ ಹೋದ್ರ ಹೋಗ್ಲಿ ಕಾಕೂ. ನಮ್ಮ ದೀಪಾಲಿ ಎರಡ ದಿನದಿಂದ ಉಂಡಿಲ್ಲ," ಎಂದ.

ಜನಾಬಾಯಿ ಮೊರವನ್ನು ಗೋಡೆಗೆ ಒರಗಿಸಿದಳು. "ಮೂಳ," ಎಂದಳು. "ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ? ನಾನೂ ಬರ್ತೀನಿ ನಡಿ, ನಿನ್ನ ಮಾತ ಯಾರ ಕೇಳ್ತಾರ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಆದ್ರ ಪಿಕ್ಚರ್ ನಮಗೂ ತೋರ್ಸಬೇಕ ನೋಡು. ಆ ಹುಡುಗ ಸೆರಿಮನ್ಯಾಗ ಕುಂತ ಎಷ್ಟ ದಿನಾ ಆತು. ನನಗ ಜೀವಕ್ಕ ಸಮಾಧಾನ ಇಲ್ಲ."

ಐತವಾರ ಬಂತು. ಬೀಗರೂ ಬಂದರು, ಜಕ್ಕಪ್ಪ, ಶೇವಂತಾ, ಹೊಸ ಅಂಗಿಯ ಸಂಗ್ರಾಮ. ಶೇಂಗಾ ಹೋಳಿಗೆ, ರೊಟ್ಟಿ, ಎಣಗಾಯಿ ಆದವು. ಕೈ ತೊಳೆಯುವ ಹೊತ್ತಿಗೆ ಸರಿಯಾಗಿ ಖೋಲಿಯಲ್ಲಿ ಗುಡುಗು ಗುಡುಗಿತು.

"ಅರೇ ವ್ಹಾ! ತಾನ ಚಾಲೂ ಆತಲ್ರಿ!" ಎಂದ ಜಕ್ಕಪ್ಪ.

"ಹೊಸಾ ಮಾಡೆಲ್ರಿ," ಎಂದ ಧರೆಪ್ಪ.

ಖೋಲಿಯೊಳಗೆ ಹೋಗಿ ನೋಡಿದರೆ ಮುಂದಿನ ಕುರ್ಚಿಗಳಷ್ಟೇ ಖಾಲಿ. ಹಿಂದೆ ದ್ರಾಕ್ಷಿ ಕ್ರೇಟುಗಳನ್ನು ಮಗುಚಿಕೊಂಡು ಇಡೀ ವಸ್ತಿ ಕೂತಿತ್ತು. ಮಿಂದು, ಇಸ್ತ್ರಿ ಹಾಕಿದ ಬಟ್ಟೆ ಉಟ್ಟು, ಪರೀಕ್ಷೆಗೆ ಕೂತವರ ಹಾಗೆ ಗಪ್ಪುಚುಪ್ಪು. ಕುದುರೆ ದಂಡು ಹೋಯಿತು. ಮುದುಕ ಒಳಗೆ ಬರಬಹುದೇ ಎಂದ, ಶೇವಂತಾ ಬೆಚ್ಚಿ ತಿರುಗಿ ನೋಡಿದಳು, ಅಕ್ಕವ್ವ "ಅಂವಾ ದಿನಾ ಹಂಗ ಕೇಳ್ತಾನ, ಬರೂದಿಲ್ಲ," ಎಂದು ಸಮಾಧಾನ ಹೇಳಿದಳು. ರಾಜಕುಮಾರನನ್ನು ಸೆರೆಮನೆಗೆ ನೂಕಿದರು. ಬಾಗಿಲು ಬಿತ್ತು. ವಸ್ತಿ ಉಸಿರು ಹಿಡಿಯಿತು. ಆಂಪ್ಲಿಫೈಯರ್ ಸಾಯಲಿಲ್ಲ. ರಾಜಕುಮಾರ ಕತ್ತಲಲ್ಲಿ ಒಂದು ಕಲ್ಲು ಸರಿಸಿದ. ಖೋಲಿಯ ತುಂಬ ಚಪ್ಪಾಳೆ, ಶಿಳ್ಳೆ. ಜನಾಬಾಯಿ ಕಣ್ಣೊರೆಸಿಕೊಂಡಳು.

ಕಲ್ಲು ಸರಿಸಿದ್ದಕ್ಕೆ ಇಷ್ಟು ಸಂಭ್ರಮ ಯಾಕೆಂದು ಜಕ್ಕಪ್ಪನಿಗೆ ತಿಳಿಯಲಿಲ್ಲ. ಅವನು ಕೇಳುವ ಮೊದಲೇ ಹೊರಗೆ ಜೀಪು ನಿಂತ ಸದ್ದಾಯಿತು. ಕರಿ ಕನ್ನಡಕ ಬಾಗಿಲಲ್ಲಿ ಕಾಣಿಸಿತು. ಮಲ್ಲೇಶ ದಡಬಡಿಸಿ ರಿಮೋಟು ಒತ್ತಿ ಸಿನಿಮಾದ ದನಿ ಅಡಗಿಸಿದ.

"ಏನ ನಡದೈತ್ರಿ ಇಲ್ಲಿ? ಥ್ರೀ ಫೇಸ್ ಕೊಟ್ಟ ಎಷ್ಟೊತ್ತಾತು, ಈ ಲೈನ್ ಮ್ಯಾಲ ಲೋಡ ಇಲ್ಲ. ನನ್ನ ನೌಕರಿಯಾಗ ಇಂಥಾದ್ದ ಕಂಡಿಲ್ಲ. ತಂತಿ ಹರದ ಬಿದ್ದೈತೋ, ವಸ್ತಿಗೆ ಏನರ ಆಗೇತೋ ಅಂತ ಓಡಿ ಬಂದೀನಿ." ಆಮೇಲೆ ಅವರ ಕಣ್ಣು ಪರದೆಯ ಮೇಲೆ ಬಿತ್ತು, ಕುದುರೆಗಳ ಮೇಲೆ ಬಿತ್ತು. "ಧರೆಪ್ಪಾರ... ಇದೇನ್ರಿ, ನೀವು ಹೇಳಿದ್ದ ಹಕ್ಕಿ ಓಡ್ಸೂ ಯಂತ್ರ?"

"ಹಕ್ಕಿ?" ಜಕ್ಕಪ್ಪ ಕುರ್ಚಿಯಿಂದ ಎದ್ದ. "ಹೋಮ್ ಥೇಟರ್ ಅಂದಿದ್ರಲ್ರಿ ಬೀಗ್ರ?"

ಧರೆಪ್ಪ ಸಾಹೇಬರ ಕಡೆ ನೋಡಿದ, ಬೀಗರ ಕಡೆ ನೋಡಿದ. ಎರಡೂ ಸುಳ್ಳುಗಳು ಒಂದೇ ಖೋಲಿಯಲ್ಲಿ ಎದುರುಬದುರು ನಿಂತಿದ್ದವು. ಬಾಗಿಲ ಮರೆಯಲ್ಲಿ ದೀಪಾಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

"ಇಲ್ರಿ," ಎಂದ ಧರೆಪ್ಪ.

ಆಯುಷ್ಯದಲ್ಲಿ ಅವನ ಬಾಯಿಂದ ಬಂದ ಮೊದಲ ಇಲ್ಲ ಅದು. ಒಮ್ಮೆ ಬಂದ ಮೇಲೆ ಅದು ನಿಲ್ಲಲಿಲ್ಲ. "ನಮ್ಮ ಮನ್ಯಾಗ ಥೇಟರ್ ಇರಲಿಲ್ರಿ. ಏಳೂ ಇರಲಿಲ್ಲ, ಒಂದೂ ಇರಲಿಲ್ಲ. ನಿಮ್ಮ ಮನ್ಯಾಗ ಅಂದ ಬಂದ ಮ್ಯಾಲ ತಂದೀನ್ರಿ. ಕರೆಂಟೂ ಇರಲಿಲ್ಲ, ಬಾವಿದು ಎಳದೀನ್ರಿ. ಹಕ್ಕಿನೂ ಇಲ್ರಿ ಸಾಹೇಬ್ರ. ಇದು ನನ್ನ ತಪ್ಪ, ಹುಡುಗೀದ ಏನೂ ಇಲ್ಲ."

ಜಕ್ಕಪ್ಪ ಕುರ್ಚಿ ಸರಿಸಿದ. ಹೊರಗೆ ನಡೆದ. ಸಂಗ್ರಾಮ "ಅಪ್ಪಾ" ಎನ್ನುತ್ತ ಎದ್ದ, ತಾಯಿ ಕೈ ಹಿಡಿದು ಕೂರಿಸಿದಳು. ಕಾರಿನ ಬಾಗಿಲ ಸದ್ದಿಗೆಂದು ಎಲ್ಲರೂ ಕಿವಿಗೊಟ್ಟರು. ಬರಲಿಲ್ಲ. ದ್ರೌಪದಿ ಕಿಟಕಿಯಿಂದ ನೋಡಿದರೆ ಅವನು ಅಂಗಳದ ನಡುವೆ ನಿಂತು ಕಿವಿ ಅತ್ತ ಇತ್ತ ತಿರುಗಿಸಿ ಏನನ್ನೋ ಕೇಳುತ್ತಿದ್ದ. ಕೇಳುವಂಥದ್ದು ಏನೂ ಇರಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರ ಒಂದು ಮೋಟರಿನ ಸದ್ದಿಲ್ಲ.

ಅವನು ಒಳಗೆ ಬಂದ. "ಸಾಹೇಬ್ರ, ಈಗ ಥ್ರೀ ಫೇಸ್ ಐತೇನ್ರಿ?"

"ಐತಿ. ಪೂರಾ ಐತಿ."

"ಮತ್ತ ಇವರೆಲ್ಲಾ ಮೋಟರ್ ಯಾಕ ಹಚ್ಚಿಲ್ಲ?"

"ನಮ್ಮ ಹುಡುಗಿ ಲಗ್ನದ ಸಲುವಾಗಿ ಹಚ್ಚಿಲ್ಲೋ ಯಪ್ಪಾ," ಎಂದಳು ಜನಾಬಾಯಿ ಕ್ರೇಟಿನ ಮೇಲಿಂದ. "ನಾವು ಹಚ್ಚಿದ್ರ ಇವನ ಡಬ್ಬಿ ಸಾಯ್ತೈತಿ. ಡಬ್ಬಿ ಸತ್ರ ನೀ ಎದ್ದ ಹೋಗ್ತಿ ಅಂದ. ನನ್ನ ಕಬ್ಬ ಅಲ್ಲಿ ಬಾಯಿ ತಕ್ಕೊಂಡ ನಿಂತೈತಿ. ಲಗೂನ ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಇನ್ನೂ ಸ್ವಲ್ಪ ಕರೆಂಟ್ ಉಳದೈತಿ."

ಜಕ್ಕಪ್ಪ ಕುರ್ಚಿಯಲ್ಲಿ ಕೂತ. "ಶೇವಂತಾ," ಎಂದ, "ನಮ್ಮ ಭಾವಕಿ ಅಣ್ತಮ್ಮರು ನಮ್ಮ ಸಲುವಾಗಿ ಎಷ್ಟೊತ್ತ ಮೋಟರ್ ಬಂದ್ ಇಟ್ಟಾರು?"

"ನಮ್ಮ ವಾಸ್ತುಶಾಂತಿಗೆ ಊಟಕ್ಕ ಬಂದಾವರು ಕರೆಂಟ್ ಬಂತಂತ ಅರ್ಧಾ ಹೋಳಿಗಿ ಬಿಟ್ಟ ತ್ವಾಟಕ್ಕ ಓಡಿದ್ರು," ಎಂದಳು ಶೇವಂತಾ.

"ಹೂಂ." ಜಕ್ಕಪ್ಪ ಧರೆಪ್ಪನ ಕಡೆ ತಿರುಗಿದ. "ಬೀಗ್ರ, ನಿಮ್ಮ ಬಾಯಿ ಮ್ಯಾಲ ನನಗ ಕಾಸಿನಷ್ಟೂ ನಂಬಿಕಿ ಉಳದಿಲ್ಲ, ಸಿಟ್ಟ ಮಾಡಬ್ಯಾಡ್ರಿ. ಆದ್ರ ಇಷ್ಟ ಮಂದಿ ನೀರ ಬಿಟ್ಟ ನಿಮ್ಮ ಹುಡುಗಿ ಹಿಂದ ಕುಂತಾರಲ್ಲ, ಅವರ ಮ್ಯಾಲ ಐತಿ. ಹುಡುಗಿ ನಮ್ಮಾಕಿ. ಚಾ ಕೊಡವಾ."

ದೀಪಾಲಿ ಚಹಾ ಕೊಟ್ಟಳು. ಅರ್ಧ ಕಪ್ಪಿನಲ್ಲಿ, ಅರ್ಧ ಬಸಿಯಲ್ಲಿ. ಅಳು ಬಂದ ಧರೆಪ್ಪ ಗೋಡೆಯ ಕಡೆ ತಿರುಗಿ ಸ್ಪೀಕರಿನ ಧೂಳು ಒರೆಸತೊಡಗಿದ. "ಆ ತಂತಿ ಸಂಜೀ ಒಳಗ ತಗೀರಿ," ಎಂದು ಸಾಹೇಬರು ಗದರಿಸಿದರು. ಗದರಿಸಿಯೂ ಕೂತರು, ಚಹಾ ಅವರಿಗೂ ಬಂದಿತ್ತು.

ಜಕ್ಕಪ್ಪ ಅಂಗಿಯ ಜೇಬಿನಿಂದ ಚೀಟಿ ತೆಗೆದ. "ಭಟ್ಟರು ಎರಡ ಮುಹೂರ್ತ ಬರದ ಕೊಟ್ಟಾರ. ಎರಡೂ ಹಗಲಿನೂವ. ಯಾವುದ ಇಡೂಣು?"

ಕೇಳಿದ್ದು ವಸ್ತಿಯವರನ್ನು, ಅವನ ನಂಬಿಕೆ ಇದ್ದದ್ದು ಅವರ ಮೇಲೆ. ಜಕ್ಕಪ್ಪ ತಿರುಗಿ ನೋಡಿದರೆ ಹಿಂದೆ ಮಗುಚಿದ ಕ್ರೇಟುಗಳಷ್ಟೇ. ಹುಡುಗಿ ನಮ್ಮಾಕಿ ಎಂಬ ಶಬ್ದ ಬಿದ್ದದ್ದೇ ತಡ, ವಸ್ತಿ ಬಾವಿಗಳ ಕಡೆ ಓಟ ಕಿತ್ತಿತ್ತು. ಮಲ್ಲೇಶನೂ ಓಡಿದ್ದ, ದ್ರೌಪದಿಯೂ ಓಡಿದ್ದಳು. ನಾಲ್ಕೂ ದಿಕ್ಕಿನಿಂದ ಮೋಟರುಗಳು ಗುಂಯ್ಯೆಂದವು. ಆಂಪ್ಲಿಫೈಯರ್ ಟಕ್ಕೆಂದಿತು.

ಪರದೆಯೂ ಆರಿ ಕತ್ತಲಾದ ಖೋಲಿಯಲ್ಲಿ ಜಕ್ಕಪ್ಪ ಚೀಟಿಯನ್ನು ಸಾಹೇಬರ ಕಡೆ ಚಾಚಿದ.

"ಭಟ್ಟರು ಬರದಿದ್ದು ಇರ್ಲಿ, ನೀವ ಹೇಳ್ರಿ ಸಾಹೇಬ್ರ. ಯಾವ ವಾರ ಇಲ್ಲಿ ರಾತ್ರಿ ಪಾಳಿ? ಅಕ್ಕಿಕಾಳ ಬೀಳೂ ಹೊತ್ತಿಗೆ ನೀವು ಥ್ರೀ ಫೇಸ್ ಬಿಟ್ರ, ಮಂಟಪದಾಗ ಹುಡುಗಾ ಹುಡುಗಿ ಇಬ್ಬರ ಉಳೀತಾರ."